ಬೀರಮ್ಮ ಹಿಂದಕ್ಕೆ ಪಡೆದ ಮಾತು

ಬೀರಮ್ಮ, ವಯಸ್ಸು ಐವತ್ತಮೂರು. ಶ್ರೀರಂಗಪಟ್ಟಣ ತಾಲ್ಲೂಕು ಬೆಳಗೊಳಕ್ಕೆ ಸೇರಿದಂತಿರುವ ದೊಡ್ಡಿಕೊಪ್ಪಲಿನ ಮಂಚಯ್ಯನ ಹೆಂಡತಿ. ನಾಗಮಂಗಲ ತಾಲ್ಲೂಕು ದೇವಲಾಪುರದ ಕಡೆಯ ಮುದ್ದಯ್ಯನ ಹಿರಿಯ ಮಗಳು. ಶಶಿ ಮತ್ತು ಅನಿತ ಎಂಬ ಇಬ್ಬರು ಮಕ್ಕಳ ತಾಯಿ. ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಫೆಬ್ರವರಿಯಲ್ಲಿ ಮೂರು ದಿನದ ಜ್ವರದಲ್ಲಿ ತೀರಿಕೊಂಡಳು. ನಾಲ್ಕನೆಯ ದಿನ ಎದ್ದು ಕೆಲಸಕ್ಕೆ ಹೋಗಬೇಕೆಂದು ಹೇಳಿದ್ದಳು.

ಕೆಲಸವೆಂದರೆ ಚಪ್ಪಲಿ ಕಾಯುವುದು. ಶ್ರೀರಂಗಪಟ್ಟಣದ ಕೋಟೆಯೊಳಗೆ, ದೇವಸ್ಥಾನದ ಮುಂದಿನ ಬಯಲಿನಲ್ಲಿ ನಾಲ್ಕು ಹಲಗೆ, ಮೇಲೊಂದು ತಗಡಿನ ಚಪ್ಪರ, ನಂಬರು ಕೊರೆದ ನೂರ ಹನ್ನೆರಡು ಬಿಲ್ಲೆ. ಹದಿನಾಲ್ಕು ವರ್ಷ ಇದೇ ಅವಳ ಅಂಗಡಿ. ಬೆಳಿಗ್ಗೆ ಎಂಟಕ್ಕೆ ಕೊಪ್ಪಲಿನಿಂದ ನಡೆದು ಬೆಳಗೊಳಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಪಟ್ಟಣಕ್ಕೆ. ಸಂಜೆ ಅದೇ ದಾರಿ ಹಿಂದಕ್ಕೆ. ದಿನವಿಡೀ ಬಾಗಿ ಏಳುವ ಕೆಲಸವಾದ್ದರಿಂದ ನಲವತ್ತೈದು ತುಂಬುವ ಮೊದಲೇ ಸೊಂಟ ಕೈಕೊಟ್ಟಿತ್ತು. ಬಿಡುವಂತಿರಲಿಲ್ಲ. ಅಣೆಕಟ್ಟೆ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೂ ಕೊಪ್ಪಲು ದಿಬ್ಬದ ಮೇಲೆ ಇದ್ದುದರಿಂದ ನಾಲೆಯ ನೀರು ಅಲ್ಲಿಗೆ ಹತ್ತುತ್ತಿರಲಿಲ್ಲ. ಕೆಳಗೆ ಬೆಳಗೊಳದ ಗದ್ದೆಗಳು ವರ್ಷಕ್ಕೆರಡು ಬೆಳೆ ಕಾಣುವಾಗ ಮೇಲೆ ಮಂಚಯ್ಯನ ಹತ್ತು ಗುಂಟೆಯಲ್ಲಿ ಹುರುಳಿ ಬಂದರೆ ಬಂತು, ಇಲ್ಲವಾದರೆ ಇಲ್ಲ.

ಬಂದವರ ಪಾದರಕ್ಷೆಯನ್ನು ಬೀರಮ್ಮ ಎಂದೂ ತರತಮ ಮಾಡಿ ಇಟ್ಟವಳಲ್ಲ. ಮೈಸೂರಿನಿಂದ ಕಾರಿನಲ್ಲಿ ಬಂದವರ ಮಿರುಗುವ ಬೂಟಾಗಲಿ, ಸವೆದು ಹಿಮ್ಮಡಿ ಕಾಣುವ ಹವಾಯಿಯಾಗಲಿ, ಬಂದ ಸಾಲಿಗೆ ಇಡುತ್ತಿದ್ದಳು. ಮೇಲಿನ ಹಲಗೆಯಲ್ಲಿಡು ಎಂದು ಯಾರಾದರೂ ಗತ್ತು ಮಾಡಿದರೆ, ಅಲ್ಲಿಗೆ ಸರದಿ ಬಂದಾಗ ಬನ್ನಿ ಎನ್ನುತ್ತಿದ್ದಳು. ಇದರಿಂದ ಅವಳಿಗೆ ಗಟ್ಟಿ ಹೆಂಗಸು ಎಂಬ ಹೆಸರೂ, ಕೆಲವರ ಬಾಯಲ್ಲಿ ಬಿಗುಮಾನದವಳು ಎಂಬ ಹೆಸರೂ ಬಂದಿದ್ದವು. ಎರಡನ್ನೂ ಅವಳು ಅಲ್ಲಗಳೆಯಲಿಲ್ಲ.

ಅವಳನ್ನು ಕಾಡುತ್ತಿದ್ದುದು ಬೇರೆ. ಪ್ರವಾಸಿಗಳ ಬಸ್ಸು ಬಯಲಿಗೆ ಬಂದು ನಿಂತೊಡನೆ ಮಕ್ಕಳ ಹಿಂಡೊಂದು ಓಡಿಬಂದು ಮುತ್ತಿಕೊಳ್ಳುತ್ತಿತ್ತು. ಪೆನ್ನು, ಮಿಠಾಯಿ, ಚಿಲ್ಲರೆ. ಕೈಚಾಚಿದವರಲ್ಲಿ ಅರ್ಧ ಪಾಲು ಅವಳ ಕೊಪ್ಪಲಿನವರು. ಶಾಲೆಯಲ್ಲಿ ಹಾಜರಿ ಕೂಗುವ ಹೊತ್ತಿನಲ್ಲಿ ಇಲ್ಲಿದ್ದರು. ಒಂದು ದಿನ ಪಕ್ಕದ ಮನೆಯ ಆರು ವರ್ಷದ ಹುಡುಗಿ ಇಲ್ಲದ ಕುಂಟು ನಟಿಸುತ್ತ ಬಿಳಿಯ ಹೆಂಗಸೊಬ್ಬಳ ಹಿಂದೆ ಹೋಗುವುದನ್ನು ಬೀರಮ್ಮ ಹಲಗೆಯ ಮರೆಯಿಂದ ನೋಡಿದಳು. ಆ ಹುಡುಗಿಗೆ ಪೆನ್ನು ಸಿಕ್ಕಿತು. ಅದನ್ನು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಟ್ಟು ಬನ್ನು ತಿಂದಳು. ಬರೆಯುವುದಕ್ಕೆ ಅವಳಿಗೆ ಬರುತ್ತಲೂ ಇರಲಿಲ್ಲ.

ಆ ಬಯಲಿಗೆ ದಿನವೂ ಬರುತ್ತಿದ್ದ ಇನ್ನೊಬ್ಬ ರವೀಂದ್ರ. ಪಾಂಡವಪುರದವನು, ಇಪ್ಪತ್ತೆಂಟರ ಯುವಕ, ಪ್ರವಾಸಿಗಳಿಗೆ ಕೋಟೆ ತೋರಿಸುವ ಗೈಡು. ಮೈಸೂರಿನ ಒಂದು ಸಣ್ಣ ಟ್ರಾವೆಲ್ಸಿನವರು ಹಳ್ಳಿಯ ಬದುಕನ್ನು ನೋಡಬಯಸುವ ಪರದೇಶದವರನ್ನು ಅವನ ಕೈಗೆ ಒಪ್ಪಿಸುತ್ತಿದ್ದರು. ತೊಂಬತ್ತನಾಲ್ಕರಲ್ಲಿ ಅವನು ಬೀರಮ್ಮನ ಮುಂದೆ ಒಂದು ಮಾತು ತೆಗೆದ. ಬಂದವರು ಕೊಪ್ಪಲಿನಲ್ಲಿ ಒಂದು ಸುತ್ತು ಹಾಕಲಿ, ಯಾರಾದರೊಬ್ಬರ ಮನೆಯಲ್ಲಿ ಮುದ್ದೆ ಉಪ್ಪುಸಾರು ಉಣ್ಣಲಿ, ಅವರು ಕೊಡುವುದರಲ್ಲಿ ಒಂದು ಪಾಲು ಮಕ್ಕಳ ಓದಿಗೆ ಹೋಗಲಿ. ಬೀರಮ್ಮ ಒಂದು ವಾರ ಯೋಚಿಸಿ ಮೂರು ಷರತ್ತು ಹಾಕಿದಳು. ಸಂಜೆ ಶಾಲೆ ಬಿಡುವ ಗಂಟೆ ಹೊಡೆಯುವ ಮೊದಲು ವ್ಯಾನು ಊರಿಗೆ ಬರಕೂಡದು. ಯಾವ ಮಗುವಿನ ಕೈಗೂ ಏನನ್ನೂ ಕೊಡಕೂಡದು. ಯಾರ ಮನೆಯಲ್ಲಿ ಊಟವೆಂಬುದು ಸರದಿಯಲ್ಲಿ ನಡೆಯಬೇಕು, ಗೌಡರ ಮನೆಯೆಂದೋ ಕುರುಬರ ಮನೆಯೆಂದೋ ನೋಡಕೂಡದು. ಮೂರನೆಯದಕ್ಕೆ ಊರಿನ ಕೆಲವರು ಮುಖ ಗಂಟಿಕ್ಕಿದರು. ಆದರೆ ವಾರಕ್ಕೆರಡು ವ್ಯಾನು ಬರತೊಡಗಿದ ಮೇಲೆ ಅವರೂ ಸುಮ್ಮನಾದರು.

ಆ ದುಡ್ಡಿನಲ್ಲಿ ಸಂಜೆಶಾಲೆ ಹುಟ್ಟಿತು. ಅನಿತ ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿದ್ದಳು; ಸರ್ಕಾರಿ ಶಾಲೆಯ ಜಗಲಿಯಲ್ಲಿ ಐದೂವರೆಯಿಂದ ಏಳರವರೆಗೆ ಮೂವತ್ತೊಂದು ಮಕ್ಕಳಿಗೆ ಪಾಠ ಹೇಳಿದಳು. ನೋಟ್‌ಬುಕ್ಕು, ಸೀಮೆಎಣ್ಣೆ, ಅನಿತಳ ಸಂಬಳ ಎಲ್ಲವೂ ಅದರಲ್ಲಿ ನಡೆಯಿತು. ವರ್ಷ ತುಂಬುವ ಹೊತ್ತಿಗೆ ಬಯಲಿನಲ್ಲಿ ಕೈಚಾಚುವವರಲ್ಲಿ ಕೊಪ್ಪಲಿನ ಮಕ್ಕಳಿರಲಿಲ್ಲ. ಬೀರಮ್ಮನಿಗೆ ಅಷ್ಟು ಸಾಕಾಗಿತ್ತು.

ಅವಳು ಸ್ವತಃ ಅಕ್ಷರ ಕಲಿತದ್ದು ನಲವತ್ತೈದನೆಯ ವಯಸ್ಸಿನಲ್ಲಿ, ತೊಂಬತ್ತೊಂದರ ಸಾಕ್ಷರತಾ ಆಂದೋಲನದಲ್ಲಿ. ಹಗಲೆಲ್ಲ ಚಪ್ಪಲಿ ಕಾಯ್ದು ಬಂದು, ಕಣ್ಣು ಎಳೆಯುತ್ತಿದ್ದರೂ ಸ್ಲೇಟು ಹಿಡಿದು ಕುಳಿತು, ಎಂಟು ತಿಂಗಳಲ್ಲಿ ತನ್ನ ಹೆಸರನ್ನು, ಗಂಡನ ಹೆಸರನ್ನು, ಆಮೇಲೆ ಬಸ್ಸಿನ ಬೋರ್ಡನ್ನು ಓದಿದವಳು. ಇನ್ನು ಎಲ್ಲಿಯೂ ಹೆಬ್ಬೆಟ್ಟು ಒತ್ತುವುದಿಲ್ಲವೆಂದು ಪಡಿತರ ಅಂಗಡಿಯಲ್ಲಿ ಎಲ್ಲರೆದುರಿಗೆ ಹೇಳಿ ಸಹಿ ಹಾಕಿದ್ದಳು. ಆ ವರ್ಷವೇ ಪಟ್ಟಣದ ಒಂದು ಕಾಲೇಜಿನ ಹುಡುಗರು ಬಂದು ಹತ್ತು ದಿನ ಶಿಬಿರ ಹೂಡಿದರು. ಕೊಪ್ಪಲನ್ನು ಕಾಲೇಜು ದತ್ತು ತೆಗೆದುಕೊಂಡಿದೆ ಎಂದು ಬಟ್ಟೆಯ ಮೇಲೆ ಬರೆದು ಅರಳಿಕಟ್ಟೆಗೆ ಕಟ್ಟಿದರು. ಚರಂಡಿ ತೋಡಿದರು, ನಾಟಕ ಆಡಿದರು, ಹೊರಟುಹೋದರು. ದತ್ತು ಎಂಬ ಮಾತನ್ನು ಬೀರಮ್ಮ ಅಕ್ಷರ ಕೂಡಿಸಿ ಮೊದಲು ಓದಿದ್ದು ಆ ಬಟ್ಟೆಯ ಮೇಲೆ. ದೊಡ್ಡವರು ಬಂದು ಒಂದಿಷ್ಟು ಒಳ್ಳೆಯದು ಮಾಡಿ ಹೋಗುವುದಕ್ಕೆ ಓದಿದವರ ಭಾಷೆಯಲ್ಲಿ ಇರುವ ಹೆಸರು ಅದು ಎಂದು ಅವಳ ಮನಸ್ಸಿನಲ್ಲಿ ಕೂತಿತು.

ತೊಂಬತ್ತಾರರ ಜನವರಿಯ ಕೊನೆಯಲ್ಲಿ ಹಾಲೆಂಡಿನ ವೃದ್ಧ ದಂಪತಿ ಬಂದರು. ಸಂಜೆಶಾಲೆಯ ಜಗಲಿಯ ಮೇಲೆ ಕುಳಿತು ಮಕ್ಕಳು ಓದುವುದನ್ನು ಕೇಳಿದರು. ಏಳನೆಯ ತರಗತಿಯ ಪವಿತ್ರ ಎದ್ದು ನಿಂತು ಒಂದು ಪುಟವನ್ನು ಎಲ್ಲಿಯೂ ಎಡವದೆ ಓದಿದಳು. ಭಾಷೆ ತಿಳಿಯದಿದ್ದರೂ ಮುದುಕಿಯ ಕಣ್ಣು ತುಂಬಿತು. ಹೊರಡುವಾಗ ರವೀಂದ್ರನೊಂದಿಗೆ ಏನೋ ಮಾತಾಡಿದರು, ಹುಡುಗಿಯ ಫೋಟೋ ತೆಗೆದುಕೊಂಡರು. ಈ ಹುಡುಗಿಯ ಓದಿನ ಖರ್ಚನ್ನು ಕಾಲೇಜು ಮುಗಿಯುವವರೆಗೆ ತಾವೇ ಹೊರುತ್ತಾರಂತೆ. ಅದಕ್ಕೆ ಮೈಸೂರಿನ ಟ್ರಾವೆಲ್ಸಿನವರು ಒಂದು ಫಾರಂ ಇಟ್ಟಿದ್ದಾರೆ, ತಾಯಿಯ ರುಜು ಬೇಕು ಎಂದು ರವೀಂದ್ರ ಬೀರಮ್ಮನಿಗೆ ತಿಳಿಸಿದ. ಇದಕ್ಕೆ ಏನನ್ನುತ್ತಾರೆ ಎಂದು ಅವಳು ಕೇಳಿದಾಗ, ದತ್ತು ಅನ್ನುತ್ತಾರೆ ಎಂದ. ಬೀರಮ್ಮ ತಲೆಯಾಡಿಸಿದಳು. ತಿಳಿದ ಮಾತೇ ಆಗಿತ್ತು.

ಪವಿತ್ರಳ ತಾಯಿ ಪುಟ್ಟಲಕ್ಷ್ಮಮ್ಮ ಒಕ್ಕಲಿಗರ ಹೆಣ್ಣು, ಅಂಜುಬುರುಕ ಸ್ವಭಾವ. ಗಂಡ ಕಬ್ಬು ಕಡಿಯುವ ತಂಡದೊಡನೆ ಹೋದವನು ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ. ಬೀರಮ್ಮ ಹೋಗಿ, ಮಗಳ ಓದಿಗೆ ಅನುಕೂಲವಾಗುವ ಕಾಗದ ಎಂದಷ್ಟೇ ಹೇಳಿ, ಇಂಕಿನ ಪ್ಯಾಡು ಮುಂದಿಟ್ಟಳು. ಬೀರಕ್ಕನ ಮಾತಿಗೆ ಎದುರಾಡಿ ಪುಟ್ಟಲಕ್ಷ್ಮಮ್ಮನಿಗೆ ಗೊತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿದಳು. ಕಾಗದ ಮಡಿಸಿಕೊಂಡು ಹೊಸಿಲು ದಾಟುವಾಗ ಬೀರಮ್ಮ ಹಿಂತಿರುಗಿ, ಹೆಮ್ಮೆಯಿಂದಲೇ, ಆ ಮಾತನ್ನು ಆಡಿದಳು.

"ನಿನ್ ಮಗಳ್ನ ದತ್ತು ತಗೊಂಡವ್ರೆ ಕಣೆ, ಪುಟ್ಟಲಕ್ಷ್ಮಿ. ಪುಣ್ಯ ಮಾಡಿದ್ದೆ ಬುಡು."

ಪುಟ್ಟಲಕ್ಷ್ಮಮ್ಮ ಮರುಮಾತಾಡಲಿಲ್ಲ. ಸಂತೋಷಕ್ಕೆ ಬಾಯಿ ಕಟ್ಟಿದೆ ಎಂದುಕೊಂಡು ಬೀರಮ್ಮ ಮನೆಗೆ ಬಂದಳು.

ಮರುದಿನ ಪವಿತ್ರ ಶಾಲೆಯಲ್ಲಿರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಗೆ ಎರಡು ತಿಂಗಳೂ ಉಳಿದಿರಲಿಲ್ಲ. ಶಾಲೆಯ ಮೇಷ್ಟ್ರು ಹಾಲ್‌ಟಿಕೆಟ್ಟಿನ ಪಟ್ಟಿ ಕಳಿಸಬೇಕಾಗಿತ್ತು. ಮಾರ್ಚಿ ಹತ್ತರೊಳಗೆ ಹುಡುಗಿ ಬಾರದಿದ್ದರೆ ಹೆಸರು ಹೊಡೆದುಹಾಕಬೇಕಾಗುತ್ತದೆ, ಒಮ್ಮೆ ಬಿಟ್ಟ ಹೆಣ್ಣುಮಗು ಮರುವರ್ಷ ಬಂದದ್ದನ್ನು ತಾನು ಕಂಡಿಲ್ಲ ಎಂದು ಅವರು ಅನಿತಳಿಗೆ ಹೇಳಿದರು. ಪುಟ್ಟಲಕ್ಷ್ಮಮ್ಮನ ಬಾಗಿಲು ಹಗಲಲ್ಲೂ ಮುಚ್ಚಿತ್ತು. ಕೊನೆಗೆ ಪಕ್ಕದ ಮನೆಯ ಮುದುಕಿ ಮಾಯಮ್ಮ ಬಾಯಿಬಿಟ್ಟಳು: ಹುಡುಗಿಯನ್ನು ಆ ರಾತ್ರಿ ಕಳೆದೊಡನೆ ಮೊದಲ ಬಸ್ಸಿಗೇ ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಗೆ, ಸೋದರಮಾವ ಕರಿಯಪ್ಪನ ಮನೆಗೆ ಸಾಗಿಸಿದ್ದಾಳೆ. ಮಗಳನ್ನು ಬಿಳಿಯರಿಗೆ ಬರೆದುಕೊಟ್ಟಾಗಿದೆ, ಇನ್ನು ಕರೆದೊಯ್ಯಲು ಬರುತ್ತಾರೆ ಎಂದು ಅವಳ ಭಯ.

ಬೀರಮ್ಮನಿಗೆ ಮೊದಲು ಸಿಟ್ಟು ಬಂತು. ಇಷ್ಟು ದಡ್ಡತನವೇ ಎಂದಳು. ಮಾಯಮ್ಮ ಎಲೆಯಡಿಕೆ ಜಗಿಯುತ್ತ, ದಡ್ಡತನವಲ್ಲ ಎಂದು ಉಳಿದದ್ದನ್ನು ಹೇಳಿದಳು. ಆ ಕರಿಯಪ್ಪ ಪುಟ್ಟಲಕ್ಷ್ಮಮ್ಮನ ಒಡಹುಟ್ಟಿದ ಅಣ್ಣ. ಆರು ವರ್ಷದ ಹುಡುಗನಾಗಿದ್ದಾಗ ಅವನನ್ನು ಬೂಕನಕೆರೆಯ ಮಕ್ಕಳಿಲ್ಲದ ದೊಡ್ಡಪ್ಪನಿಗೆ ದತ್ತು ಕೊಟ್ಟರು. ಅಂದಿನಿಂದ ಹೆತ್ತ ತಾಯಿಯನ್ನು ಅವನು ಚಿಕ್ಕವ್ವ ಎನ್ನಬೇಕಾಯಿತು. ಹಬ್ಬಕ್ಕೆ ಬಂದರೆ ನೆಂಟನಂತೆ ಬಂದು ನೆಂಟನಂತೆ ಹೋಗಬೇಕಾಯಿತು. ಆಕೆ ಸತ್ತಾಗ ಕೊಳ್ಳಿ ಹಿಡಿಯುವ ಹಕ್ಕೂ ಅವನದಾಗಲಿಲ್ಲ. ಆ ಮನೆಯಲ್ಲಿ ದತ್ತು ಎಂಬ ಮಾತನ್ನು ಯಾರೂ ಬಾಯಿಗೆ ತರುತ್ತಿರಲಿಲ್ಲ.

ಬೀರಮ್ಮ ಅಂದು ಊಟ ಮಾಡಲಿಲ್ಲ. ಮಂಚಯ್ಯ ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲವೆಂದಳು. ಬಟ್ಟೆಯ ಮೇಲೆ ಓದಿ ಕಲಿತ ಮಾತೊಂದು, ಇನ್ನೊಬ್ಬರ ಮನೆಯಲ್ಲಿ ನಲವತ್ತು ವರ್ಷದಿಂದ ಗಾಯವಾಗಿ ಉಳಿದಿತ್ತು. ಓದು ಬಾರದವಳಾಗಿ ಉಳಿದಿದ್ದರೆ ಅವಳಿಗೂ ಅದರ ಹಳೆಯ ಅರ್ಥವೊಂದೇ ಗೊತ್ತಿರುತ್ತಿತ್ತು.

ಮೊದಲ ಸಲ ಒಬ್ಬಳೇ ಹೋದಳು. ಚಪ್ಪಲಿ ಹಲಗೆಯ ಮುಂದೆ ಮಗನನ್ನು ಕೂರಿಸಿ, ಪಾಂಡವಪುರದಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಬೂಕನಕೆರೆ ತಲುಪಿದಾಗ ಸಂತೆಯ ದಿನವಾಗಿತ್ತು. ಕರಿಯಪ್ಪನದು ಅನುಕೂಲವಿದ್ದ ಮನೆ. ಕೊಟ್ಟಿಗೆಯಲ್ಲಿ ನಾಲ್ಕು ಸೀಮೆಹಸು, ಜಗಲಿಯಲ್ಲಿ ಡೈರಿಗೆ ಹೋಗುವ ಹಾಲಿನ ಕ್ಯಾನು. ಅವನ ಹೆಂಡತಿ ಪುಟ್ಟಗೌರಮ್ಮ ಮಜ್ಜಿಗೆ ತಂದುಕೊಟ್ಟಳು. ಕರಿಯಪ್ಪ ಮಳೆ ಬೆಳೆ ವಿಚಾರಿಸಿದ. ಹುಡುಗಿಯ ಮಾತೆತ್ತಿದಾಗ, ಅವಳು ಇಲ್ಲಿಗೆ ಬಂದೇ ಇಲ್ಲ ಎಂದ. ಅಂಗಳದ ತಂತಿಯ ಮೇಲೆ ಶಾಲೆಯ ನೀಲಿ ಲಂಗ ಒಣಗುತ್ತಿತ್ತು. ಇಬ್ಬರೂ ಅದನ್ನು ನೋಡಿದರು. ಬೀರಮ್ಮ ಮಜ್ಜಿಗೆ ಕುಡಿದು, ಲೋಟ ತೊಳೆದಿಟ್ಟು, ಹಿಂದಿರುಗಿದಳು.

ಎರಡನೆಯ ಸಲ ರವೀಂದ್ರನನ್ನು ಕರೆದುಕೊಂಡು ಹೋದಳು. ಮಾತು ಬಲ್ಲವನು, ಬಿಡಿಸಿ ಹೇಳುತ್ತಾನೆ ಎಂದು ನಂಬಿದ್ದಳು. ಅವನು ಇಸ್ತ್ರಿ ಮಾಡಿದ ಶರಟು ಹಾಕಿ, ಟ್ರಾವೆಲ್ಸಿನ ಆಲ್ಬಮ್ಮು ಹಿಡಿದು ಬಂದ. ಕರಿಯಪ್ಪ ಜಗಲಿಯಲ್ಲಿ ಕುಳಿತು ಪುಟ ತಿರುವಿದ. ಆ ದಂಪತಿಯ ಚಿತ್ರ ಬಂದಾಗ ರವೀಂದ್ರ ಉತ್ಸಾಹದಿಂದ ಹೇಳಿದ.

"ಇವರಿಗೆ ಮಕ್ಕಳಿಲ್ಲ ಗೌಡ್ರೇ. ನಮ್ ಪವಿತ್ರನ್ನೇ ಮಗಳು ಅಂತ ತಿಳ್ಕೊಂಡವ್ರೆ. ಮುಂದಕ್ಕೆ ಅವರ ದೇಶಕ್ಕೂ ಕರೆಸ್ಕೊಂಡು ತೋರಿಸ್ತಾರೆ."

ಬೀರಮ್ಮ ಕಣ್ಣು ಮುಚ್ಚಿಕೊಂಡಳು. ಕರಿಯಪ್ಪ ಆಲ್ಬಮ್ಮನ್ನು ಮುಚ್ಚಿ, ಪಕ್ಕಕ್ಕಿಟ್ಟು, ರವೀಂದ್ರನ ಕಡೆ ನೋಡದೆ ಅವಳ ಕಡೆ ನೋಡಿದ.

"ಚಪ್ಪಲಿ ಕಾಯೋದು ಬುಟ್ಟು ಮಕ್ಕಳ್ನ ಮಾರೋಕೆ ಯಾವಾಗಿಂದ ಸುರು ಅಚ್ಕೊಂಡೆ, ಬೀರಮ್ಮ?"

ಹನ್ನೊಂದು ವರ್ಷದಲ್ಲಿ ಎಷ್ಟೋ ಮಾತು ಕೇಳಿದ್ದಳು. ಹೊಸದಾಗಿ ಕೊಂಡ ಚಪ್ಪಲಿ ಕಳೆದುಹೋಯಿತೆಂದು ಕೈಯೆತ್ತಿ ಬಂದವರನ್ನೂ ಕಂಡಿದ್ದಳು. ಈ ಸಲ ಆಲ್ಬಮ್ಮನ್ನು ಎತ್ತಿ ರವೀಂದ್ರನ ಕೈಗಿಟ್ಟು ಎದ್ದಳು. ಒಳಗಿನಿಂದ ಬಾಗಿಲ ಸಂದಿಯಲ್ಲಿ ಯಾರೋ ನಿಂತಿದ್ದಾರೆಂದು ತಿಳಿಯಿತು, ತಲೆಯೆತ್ತಿ ನೋಡುವ ಧೈರ್ಯ ಬರಲಿಲ್ಲ.

ಹಿಂದಕ್ಕೆ ಬರುವ ಬಸ್ಸಿನಲ್ಲಿ ರವೀಂದ್ರ ಆಲ್ಬಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಪಾಂಡವಪುರ ಹತ್ತಿರವಾದಾಗ ಸಮಾಧಾನದ ದನಿಯಲ್ಲಿ, ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ ಎಂದ. ಇನ್ನೂ ಮೂವತ್ತು ಮಕ್ಕಳಿದ್ದಾರೆ. ಚೆನ್ನಾಗಿ ಓದುವ ಬೇರೊಂದು ಹುಡುಗಿಯ ಫೋಟೋ ಕಳಿಸೋಣ. ಆ ಮುದುಕರಿಗೆ ಯಾರಾದರೇನು.

ಬೀರಮ್ಮ ಕಿಟಕಿಯ ಸರಳು ಹಿಡಿದು ಕುಳಿತಿದ್ದಳು. ಆ ಮಾತು ಕಿವಿಗೆ ಬಿದ್ದ ಮೇಲೆ, ತಪ್ಪು ಬರೀ ಒಂದು ಶಬ್ದದ್ದಲ್ಲ ಎಂದು ಅವಳಿಗೆ ಮೊದಲ ಸಲ ಅನಿಸಿತು. ಮೂವತ್ತೊಂದು ಮಕ್ಕಳನ್ನು ಜಗಲಿಯಲ್ಲಿ ಸಾಲಾಗಿ ಕೂರಿಸಿ, ಬಂದವರು ನೋಡಿ ಒಂದನ್ನು ಎತ್ತಿಕೊಳ್ಳಲು ಬಿಟ್ಟವಳು ತಾನು. ಕುಂಟಿನ ನಟನೆ ಮಾಡಿದ ಹುಡುಗಿಗೂ ಎಡವದೆ ಓದಿದ ಹುಡುಗಿಗೂ ಆದದ್ದು ಒಂದೇ: ಯಾರದೋ ಕಣ್ಣಿಗೆ ಬಿದ್ದು ಪಡೆದದ್ದು.

"ನನ್ ಅಲಗೆ ಮ್ಯಾಲೆ ನಾನು ಬೂಟಿಗೊಂದು ಸಾಲು, ಹವಾಯಿಗೊಂದು ಸಾಲು ಮಡಗಿಲ್ಲ, ರವಿ," ಎಂದಳು. "ಮಕ್ಕಳ್ನ ಮಾತ್ರ ಆರ್ಸೋಕೆ ಬುಟ್ಟೆ. ಆ ಫಾರಂ ವಾಪಸ್ ತಂದ್ಕೊಡು."

ಫಾರಂ ಹಿಂದಕ್ಕೆ ಬಂದರೆ ಆ ದಂಪತಿ ಬೇಸರಗೊಳ್ಳುತ್ತಾರೆ, ಟ್ರಾವೆಲ್ಸಿನವರಿಗೆ ತಾನು ಏನು ಹೇಳಬೇಕು ಎಂದು ರವೀಂದ್ರ ವಾದಿಸಿದ. ಮುಖ ತೋರಿಸದೆ ಯಾರೂ ಕೊಡುವುದಿಲ್ಲ, ಅದು ಪ್ರಪಂಚದ ರೀತಿ ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಒಂದು ವಾರ ಅವಳು ಬಯಲಿನಲ್ಲಿ ಅವನ ನಮಸ್ಕಾರಕ್ಕೆ ಉತ್ತರ ಕೊಡದಿದ್ದ ಮೇಲೆ ಕಾಗದ ತಂದು ಹಲಗೆಯ ಮೇಲಿಟ್ಟು ಹೋದ.

ಮಾರ್ಚಿ ಆರಕ್ಕೆ ಮೂರನೆಯ ಸಲ ಬೂಕನಕೆರೆಗೆ ಹೋದಳು. ಮೇಷ್ಟ್ರ ಗಡುವಿಗೆ ನಾಲ್ಕು ದಿನವಿತ್ತು. ಹಿಂದಿನ ರಾತ್ರಿಯಿಂದ ಸೊಂಟ ಹಿಡಿದಿತ್ತು. ಬೇಡವೆಂದು ಅನಿತ ತಡೆದಳು, ತಾನೇ ಹೋಗುವೆನೆಂದಳು. ನೀನು ಆಡಿದ ಮಾತಲ್ಲ ಎಂದು ಬೀರಮ್ಮ ಹೊರಟಳು. ಕರಿಯಪ್ಪ ಹಸುವಿಗೆ ಹುಲ್ಲು ಹಾಕುತ್ತಿದ್ದ. ಕೂರು ಎನ್ನಲಿಲ್ಲ. ಅವಳೂ ಜಗಲಿ ಹತ್ತಲಿಲ್ಲ. ಅಂಗಳದ ಬಿಸಿಲಿನಲ್ಲಿ ನಿಂತೇ ಹೇಳಿದಳು.

"ಮಾತು ನಂದು, ಗೌಡ್ರೆ. ಅರ್ತ ತಿಳೀದೆ ಆಡ್ಬುಟ್ಟೆ. ಅದ್ನ ವಾಪಸ್ ತಗೊಳ್ಳೋಕೆ ಬಂದಿವ್ನಿ."

ಕಾಗದವನ್ನು ಚಾಚಿದಳು. ಕರಿಯಪ್ಪ ಕೈಯೊರೆಸಿಕೊಂಡು ತೆಗೆದುಕೊಂಡ, ಹಿಂದೆ ಮುಂದೆ ತಿರುಗಿಸಿದ. ಕೆಳಗೆ ತಂಗಿಯ ಹೆಬ್ಬೆಟ್ಟಿನ ಗುರುತು ನೀಲಿಯಾಗಿ ಮೂಡಿತ್ತು.

"ಏನ್ ಬರ್ದದೆ ಇದ್ರಲ್ಲಿ?"

"ನಂಗೂ ಗೊತ್ತಿಲ್ಲ. ಇಂಗ್ಲೀಸು." ಬೀರಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ನಾನು ಎಬ್ಬೆಟ್ಟು ಒತ್ತಾಕಿಲ್ಲ ಅಂತ ಊರ್ ತುಂಬಾ ಏಳ್ಕೊಂಡು ತಿರುಗ್ದೋಳು. ನಾನೇ ಓದಕ್ಕಾಗದ ಕಾಗದಕ್ಕೆ ನಿಮ್ ತಂಗಿ ಕೈಲಿ ಒತ್ತಿಸ್ದೆ. ಅದೂ ನಂದೇ ತಪ್ಪು."

ಕರಿಯಪ್ಪ ಇನ್ನೊಂದು ಹಿಡಿ ಹುಲ್ಲನ್ನು ಹಸುವಿನ ಮುಂದೆ ಹಾಕಿದ. ಆಮೇಲೆ ಆಡಿದ್ದು ಅವಳಿಗೋ ಹಸುವಿಗೋ ತಿಳಿಯದಂತಿತ್ತು.

"ನನ್ನೂ ಒಳ್ಳೇದಕ್ಕೇ ಕೊಟ್ಟಿದ್ದು. ಒಟ್ಟೆ ತುಂಬಾ ಊಟ, ಮೈತುಂಬಾ ಬಟ್ಟೆ, ಒಂದೂ ಕಮ್ಮಿ ಮಾಡ್ನಿಲ್ಲ. ಎತ್ತವ್ವ ಸಾಯೋ ಗಳಿಗೇಲಿ ನೀರು ಬುಡಕ್ಕೋದ್ರೆ, 'ನೀನ್ಯಾರಪ್ಪ ಬುಡಕ್ಕೆ, ಬೂಕನಕೆರೆಯೋನು' ಅಂದ್ರು."

ಪುಟ್ಟಗೌರಮ್ಮ ಬಾಗಿಲಿಗೆ ಬಂದು ನಿಂತಿದ್ದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಗಂಡನ ಬಾಯಿಂದ ಅವಳು ಇದನ್ನು ಕೇಳಿರಲಿಲ್ಲ.

ಕರಿಯಪ್ಪ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟ. ಹರಿಯಲಿಲ್ಲ. ಈ ಕಾಗದ ಹೋಯಿತು ಸರಿ, ನಾಳೆ ಇನ್ನೊಬ್ಬ ಬಂದು ಇನ್ನೊಂದು ಮಗುವನ್ನು ಆರಿಸಿದರೆ ಆಗ ಯಾರ ಮನೆಗೆ ಹೋಗಿ ಮಾತು ವಾಪಸು ಪಡೆಯುತ್ತೀ ಎಂದು ಕೇಳಿದ. ತಾನಿರುವವರೆಗೆ ಕೊಪ್ಪಲಿನಲ್ಲಿ ಯಾರೂ ಯಾವ ಮಗುವನ್ನೂ ಆರಿಸುವುದಿಲ್ಲ, ಕೊಟ್ಟರೆ ಎಲ್ಲಕ್ಕೂ ಸೇರಿಸಿ ಕೊಡಬೇಕು, ಇಲ್ಲದಿದ್ದರೆ ಬೇಡ ಎಂದು ಬೀರಮ್ಮ ಹೇಳಿದಳು. ಅದರಿಂದ ವ್ಯಾನು ನಿಲ್ಲುತ್ತದಲ್ಲ ಎಂದ. ನಿಲ್ಲಬಹುದು ಎಂದಳು. ಅವನು ಅವಳ ಮುಖವನ್ನು ಅಳೆಯುವವನಂತೆ ನೋಡಿದ.

ಆಗ ಪವಿತ್ರ ಅತ್ತೆಯ ಪಕ್ಕದಿಂದ ಹೊರಗೆ ಬಂದಳು. ಐದು ವಾರದಲ್ಲಿ ಕೈಗಳು ಸಗಣಿಯಿಂದ ಒಡೆದಿದ್ದವು.

"ಮಾವ, ಗಣಿತದಲ್ಲಿ ಮೂರು ಪಾಠ ಉಳ್ದದೆ," ಎಂದಳು.

ಅಷ್ಟೇ ಅವಳು ಆಡಿದ್ದು. ಕರಿಯಪ್ಪ ಒಳಗೆ ಹೋದ, ಹೊರಗೆ ಬಂದ, ಕ್ಯಾನಿನ ಮುಚ್ಚಳವನ್ನು ಸುಮ್ಮನೆ ತೆಗೆದು ಹಾಕಿದ.

"ನಾಳಿದ್ದು ನಾನೇ ಕರ್ಕೊಂಡು ಬತ್ತೀನಿ," ಎಂದ. "ನಿನ್ ಕೈಗೆ ಕೊಡಾಕಿಲ್ಲ ಬೀರಮ್ಮ. ಈ ಮಗೀನ ವಿಚಾರದಲ್ಲಿ ಕೊಡೋದು ತಗೊಳ್ಳೋದು ಬ್ಯಾಡ."

ಮಾರ್ಚಿ ಎಂಟಕ್ಕೆ ಹುಡುಗಿಯನ್ನು ಕರೆತಂದು, ಮೇಷ್ಟ್ರ ಮುಂದೆ ನಿಲ್ಲಿಸಿ, ಪಟ್ಟಿಯಲ್ಲಿ ಹೆಸರಿದೆಯೇ ಎಂದು ಓದಿಸಿ ಕೇಳಿ, ತಂಗಿಯ ಮನೆಯಲ್ಲಿ ಕಾಫಿಯನ್ನೂ ಕುಡಿಯದೆ ಅವನು ಹಿಂದಿರುಗಿದ.

ಬೀರಮ್ಮ ಅಂದು ಸಂಜೆ ರಟ್ಟಿನ ಮೇಲೆ ತನ್ನ ಕೈಬರಹದಲ್ಲಿ ನಾಲ್ಕು ಸಾಲು ಬರೆದಳು. ಬಂದವರು ಮಗುವನ್ನು ಆರಿಸುವಂತಿಲ್ಲ. ಮಕ್ಕಳ ಫೋಟೋ ಕೊಡುವುದಿಲ್ಲ. ಕೊಡುವುದಿದ್ದರೆ ಇಡೀ ಶಾಲೆಗೆ. ತಾಯಿಗೆ ಓದಿ ಹೇಳದ ಕಾಗದಕ್ಕೆ ರುಜು ಇಲ್ಲ. ಒತ್ತಕ್ಷರ ಎರಡು ಕಡೆ ತಪ್ಪಿತ್ತು. ಅನಿತ ತಿದ್ದುವೆನೆಂದಾಗ, ಇರಲಿ ಬಿಡು ಎಂದಳು. ರವೀಂದ್ರ ಬಂದು ಓದಿ, ಬರುವವರಿಗೆ ತೋರಿಸಲು ಇಂಗ್ಲಿಷಿನಲ್ಲಿ ಬರೆದುಕೊಳ್ಳದೆ, ತಲೆ ಅಲ್ಲಾಡಿಸಿ ಹೋದ. ಹಾಲೆಂಡಿನಿಂದ ಒಂದು ಕಾಗದ ಬಂತು. ತಮ್ಮಿಂದ ಏನಾದರೂ ತಪ್ಪಾಯಿತೇ ಎಂದು ಆ ಮುದುಕಿ ಕೇಳಿದ್ದಳಂತೆ. ಇದಕ್ಕೆ ಏನೆಂದು ಉತ್ತರ ಬರೆಸುವುದು ಎಂದು ಬೀರಮ್ಮ ಎರಡು ದಿನ ಯೋಚಿಸಿ, ನಿಮ್ಮ ತಪ್ಪಿಲ್ಲ ಎಂದಷ್ಟೇ ಬರೆಸಿದಳು.

ವ್ಯಾನು ನಿಂತಿತು. ಮುಂದಿನ ಹತ್ತು ತಿಂಗಳು ಅನಿತ ಸಂಬಳವಿಲ್ಲದೆ ಪಾಠ ಹೇಳಿದಳು. ಸೀಮೆಎಣ್ಣೆ ಇಲ್ಲದ್ದರಿಂದ ಪಾಠ ಬೆಳಕಿರುವಷ್ಟೇ ಹೊತ್ತು ನಡೆಯಿತು. ಮೂವತ್ತೊಂದು ಮಕ್ಕಳಲ್ಲಿ ಹತ್ತೊಂಬತ್ತು ಮಂದಿ ಉಳಿದರು. ಸರದಿಯ ಊಟ ಕೈತಪ್ಪಿದ ಮನೆಗಳವರು ಬೀದಿಯಲ್ಲಿ ಬೀರಮ್ಮನಿಗೆ ಕೇಳಿಸುವಂತೆಯೇ ಮಾತಾಡಿದರು: ಒಬ್ಬ ಹುಡುಗಿಗೋಸ್ಕರ ಊರಿನ ಬಾಯಿಗೆ ಮಣ್ಣು ಹಾಕಿದಳು ಎಂದರು. ಚಲುವಮ್ಮ ಎಂಬವಳು ನಲ್ಲಿಯ ಹತ್ತಿರ, ಮಕ್ಕಳನ್ನು ಆರಿಸಬಾರದು ಎನ್ನುವವಳು ಊರಿನವರ ಅನ್ನವನ್ನು ಹೇಗೆ ಆರಿಸಿ ತೆಗೆದಳು ಎಂದು ಕೇಳಿದಳು. ಬೀರಮ್ಮ ಕೊಡ ತುಂಬಿಕೊಂಡು ಬಂದಳು. ಇಬ್ಬರು ಮಕ್ಕಳು ಮತ್ತೆ ಕೋಟೆಯ ಬಯಲಿನಲ್ಲಿ ಬಸ್ಸಿನ ಸುತ್ತ ಕಾಣಿಸಿಕೊಂಡಾಗ ಅವಳು ಬಯ್ಯಲಿಲ್ಲ. ಕರೆದು, ಹಲಗೆಯ ಪಕ್ಕ ಕೂರಿಸಿ, ಬಿಲ್ಲೆಯ ಮೇಲಿನ ಅಂಕಿಗಳನ್ನು ಜೋರಾಗಿ ಓದಿಸಿದಳು. ಅವರು ಒಂದು ಗಂಟೆ ಕುಳಿತು ಎದ್ದುಹೋದರು. ಮರುದಿನ ಒಬ್ಬ ಬಂದ, ಒಬ್ಬ ಬರಲಿಲ್ಲ.

ಪವಿತ್ರ ಪರೀಕ್ಷೆ ಬರೆದಳು. ಪಾಸಾದಳು. ಗಣಿತದಲ್ಲಿ ಮೂವತ್ತೆಂಟು ಬಂದಿತ್ತು. ಉಳಿದವುಗಳಲ್ಲಿ ಅರವತ್ತರ ಮೇಲೆ. ಅನಿತ ಅಂಕಪಟ್ಟಿಯ ಸುದ್ದಿ ತಂದಾಗ ಬೀರಮ್ಮ 'ಆ ಐದು ವಾರ ಕೂತು ಓದಿದ್ರೆ ಗಣಿತದಲ್ಲೂ ಅರವತ್ತು ಬತ್ತಿತ್ತು' ಎಂದಳು. ಆಮೇಲೆ ಯಾರಾದರೂ ಆ ಹುಡುಗಿಯನ್ನು ಹೊಗಳಿದಾಗೆಲ್ಲ ಅವಳು ಮನಸ್ಸಿನಲ್ಲಿ ಆ ಇಪ್ಪತ್ತೆರಡು ಅಂಕಗಳನ್ನು ತನ್ನ ಹೆಸರಿಗೆ ಕಳೆಯುತ್ತಿದ್ದಳು. ಪುಟ್ಟಲಕ್ಷ್ಮಮ್ಮ ಎದುರು ಸಿಕ್ಕರೆ ಮಾತಾಡುತ್ತಿದ್ದಳು; ಮನೆಗೆ ಬಾ ಎಂದು ಮಾತ್ರ ಮತ್ತೆ ಕರೆಯಲಿಲ್ಲ. ಬೀರಮ್ಮನೂ ಅದನ್ನು ಎದುರುನೋಡಲಿಲ್ಲ.

ತೊಂಬತ್ತೇಳರ ಜನವರಿಯಲ್ಲಿ ರವೀಂದ್ರ ಒಂದು ವ್ಯಾನು ತಂದ. ಟ್ರಾವೆಲ್ಸಿನವರು ಒಪ್ಪಿದ್ದಾರೆ, ಆದರೆ ವಾರಕ್ಕೆ ಒಂದೇ. ಫೋಟೋ ಇಲ್ಲವೆಂದ ಮೇಲೆ ಬರುವವರು ಕಡಿಮೆ ಎಂದು ನೆಲ ನೋಡುತ್ತ ಹೇಳಿದ. ಬಂದವರು ಮುದ್ದೆ ಉಂಡರು, ಜಗಲಿಯ ಮೇಲೆ ಮಕ್ಕಳ ಹಿಂದೆ ಕುಳಿತರು, ಯಾರ ಹೆಸರನ್ನೂ ಕೇಳದೆ ಹೋದರು. ಅವರು ಕೊಟ್ಟದ್ದರಲ್ಲಿ ನೋಟ್‌ಬುಕ್ಕು ಬಂತು, ಸೀಮೆಎಣ್ಣೆ ಅರ್ಧ ತಿಂಗಳಿಗಾಯಿತು. ಅನಿತಳ ಸಂಬಳ ಮತ್ತೆಂದೂ ಹಿಂದಿನಷ್ಟಾಗಲಿಲ್ಲ. ಇದು ಗೆಲುವೆಂದು ಬೀರಮ್ಮ ಎಲ್ಲಿಯೂ ಹೇಳಿಕೊಂಡವಳಲ್ಲ. ಸಂಜೆ ಬಸ್ಸಿನಿಂದ ಇಳಿದು, ಶಾಲೆಯ ಮುಂದೆ ಒಂದು ಗಳಿಗೆ ನಿಂತು ತಲೆ ಎಣಿಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಮನೆಗೆ ನಡೆಯುತ್ತಿದ್ದಳು. ಹೀಗೆ ಎರಡು ವರ್ಷ. ಕೊನೆಯ ಸಲ ಎಣಿಸಿದಾಗ ಇಪ್ಪತ್ತೇಳು ಇದ್ದವು. ಪವಿತ್ರ ಆ ಹೊತ್ತಿಗೆ ಹತ್ತನೆಯ ತರಗತಿಯಲ್ಲಿದ್ದಳು. ತನ್ನ ಪಾಠ ಮುಗಿಸಿ, ಚಿಕ್ಕವರಿಗೆ ಮಗ್ಗಿ ಹೇಳಿಕೊಡುತ್ತಿದ್ದಳು.

ಬೀರಮ್ಮನ ತಿಥಿಗೆ ಬೂಕನಕೆರೆಯಿಂದ ಕರಿಯಪ್ಪ ಬಂದು, ಜಗಲಿಯ ಕೊನೆಯಲ್ಲಿ ಕುಳಿತು, ಉಂಡು ಹೋದ.

ಬೀರಮ್ಮ ಬಿಟ್ಟುಹೋದದ್ದು:

ಗಂಡ, ಮಗ, ಸೊಸೆ, ಮಗಳು.

ಹತ್ತು ಗುಂಟೆ ಹೊಲ, ಪಹಣಿ ಮಂಚಯ್ಯನ ಹೆಸರಿನಲ್ಲಿ.

ಚಪ್ಪಲಿ ಹಲಗೆಯ ಗುತ್ತಿಗೆ, ಮಾರ್ಚಿ ಕೊನೆಯವರೆಗೆ.

ತಗಡಿನ ಬಿಲ್ಲೆ ನೂರ ಒಂಬತ್ತು, ಮೂರು ಕಳೆದಿವೆ.

ಯಾರೂ ಕೇಳಲು ಬಾರದ ಒಂಟಿ ಚಪ್ಪಲಿ ಹನ್ನೊಂದು, ಗೋಣಿಚೀಲದಲ್ಲಿ.

ಸೀರೆ ಆರು; ಅದರಲ್ಲೊಂದು ಮಡಿಕೆ ಬಿಚ್ಚದ್ದು.

ಶಾಲೆಯ ಗೋಡೆಯ ಮೇಲೆ ನಾಲ್ಕು ಸಾಲಿನ ರಟ್ಟು.

ಸಂಜೆಶಾಲೆಯ ಮಕ್ಕಳು ಇಪ್ಪತ್ತೇಳು.

ಸೊಂಟಕ್ಕೆ ಹಚ್ಚುವ ಎಣ್ಣೆ, ಮುಕ್ಕಾಲು ಸೀಸೆ.

ಪಾಂಡವಪುರದ ಅಂಗಡಿಯಲ್ಲಿ ರಿಪೇರಿಗೆ ಕೊಟ್ಟ ಒಂದು ಕೊಡೆ, ಇನ್ನೂ ತಂದಿಲ್ಲ.